ಲಂಟಾನಕ್ಕೆ ರತ್ನಗಂಬಳಿ, ಸೋಲಿಗರ ಬೆಂಕಿಗೆ ಕೇಸು!

ಬೆಂಗಳೂರು, ಮೈಸೂರಿನ ಕನ್ನಡದ ಗೆಳೆಯರೇ, ಜಾಗತೀಕರಣ ಎಂದರೆ ನಿಮ್ಮ ಕಣ್ಣಿಗೆ ಬರುವುದು ಮಾಲು, ಕಾಲ್ ಸೆಂಟರು, ಇಂಗ್ಲಿಷ್ ಬೋರ್ಡು. ಒಮ್ಮೆ ನಮ್ಮ ಹೊನ್ನೂರಿನ ಕಡೆ ಬನ್ನಿ. ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ರಸ್ತೆ ಹತ್ತಿ. ಅಲ್ಲಿ ಜಾಗತೀಕರಣ ರಸ್ತೆಯ ಎರಡೂ ಬದಿಗೆ ಮುಳ್ಳು ಬಿಟ್ಟು, ಬಣ್ಣದ ಹೂ ಮುಡಿದು ನಿಂತಿದೆ. ಅದರ ಹೆಸರು ಲಂಟಾನ.

ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ಹಡಗಿನಲ್ಲಿ ತಂದರು. ಗಿಡ ಬೇಲಿ ಹಾರಿತು. ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತಿದವು. ನಮ್ಮ ಬೆಟ್ಟದಲ್ಲಿ 1997ರಲ್ಲಿ ಅಳತೆ ಮಾಡಿದ ತಾಣಗಳನ್ನೇ ವಿಜ್ಞಾನಿಗಳು 2008ರಲ್ಲಿ ಮತ್ತೆ ನೋಡಿದರೆ, ಲಂಟಾನ ಕಂಡ ತಾಣಗಳ ಸಂಖ್ಯೆ ಸುಮಾರು ಎರಡು ಪಟ್ಟಾಗಿತ್ತು! ಅದರ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ, ಮರದ ಸಸಿ ಏಳುವುದಿಲ್ಲ. ಜಿಂಕೆ, ಕಾಟಿ ಏನು ತಿನ್ನಬೇಕು?

ಇದನ್ನು ಮೊದಲು ಕಂಡವರು ಸೋಲಿಗರು. ರಂಗಸ್ವಾಮಿಯನ್ನೇ ಭಾವ ಎಂದು ಕರೆಯುವ ಜನ, ಕನ್ನಡದ ಒಡಹುಟ್ಟಿದ ನುಡಿಯಾಡುವ ಜನ. ಬೇಸಿಗೆ ಏರುವ ಮೊದಲೇ ಒಣಗಿದ ಎಲೆಗೆ ಸಣ್ಣ ಬೆಂಕಿ ಇಡುವ ಪದ್ಧತಿ ಇವರಲ್ಲಿತ್ತು. ಅದಕ್ಕೆ ಅವರ ಹೆಸರು ತರಗು ಬೆಂಕಿ. ನೆಲದ ಮೇಲೆ ಹರಿದು ಹೋಗುವ ಆ ಬೆಂಕಿಗೆ ಎಳೆ ಲಂಟಾನ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು ಎನ್ನುತ್ತಾರೆ ಹಿರಿಯರು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಬೆಂಕಿ ಇಟ್ಟರೆ ಅಪರಾಧ! ಕಾಡಿನಲ್ಲಿದ್ದವರನ್ನು ರಸ್ತೆ ಬದಿಯ ಪೋಡುಗಳಿಗೆ ತಂದು ಕೂರಿಸಿದರು. 2002ರ ಕಾಯ್ದೆ ತಿದ್ದುಪಡಿಯ ಬಳಿಕ ಜೇನು, ನೆಲ್ಲಿ ಕಿತ್ತು ಮಾರುವುದಕ್ಕೂ ತಡೆ ಬಂತು. ಹಡಗಿನಲ್ಲಿ ಬಂದ ಗಿಡ ಕಾಡಿನ ಒಳಗೆ, ಕಾಡಿನ ಮಗ ಹೊರಗೆ. ಇದ್ಯಾವ ಸೀಮೆಯ ನ್ಯಾಯ?

ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಸೋಲಿಗರು ಹೇಳುತ್ತಲೇ ಬಂದರು. ಹೇಳಿದ್ದು ತಮ್ಮ ನುಡಿಯಲ್ಲಿ, ಆದ್ದರಿಂದ ಅದು ಬರೀ ಮಾತಾಯಿತು. ಅದೇ ಮಾತು 2010ರ ಆಚೀಚೆ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದಾಗ ಜ್ಞಾನವಾಯಿತು! ಆ ಸಂಶೋಧಕರ ಮೇಲೆ ನನಗೆ ಸಿಟ್ಟಿಲ್ಲ, ಕೇಳುವ ಸೌಜನ್ಯವನ್ನಾದರೂ ಅವರು ತೋರಿಸಿದರು. 2022ರಲ್ಲಿ ಈ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜದ ಕುಲಕ್ಕೆ 'ಸೋಲಿಗ' ಎಂದೇ ಹೆಸರಿಟ್ಟರು. ಕಣಜಕ್ಕೆ ಸಿಕ್ಕ ಗೌರವ ಮನುಷ್ಯರ ಮಾತಿಗೆ ಯಾವಾಗ ಸಿಗುತ್ತದೋ!

ಈಗ ಹೋಗಿ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಆಳೆತ್ತರ ಬೆಳೆದು ಒಣಗಿದ ಲಂಟಾನಕ್ಕೆ ಇಂದು ಕಿಡಿ ತಾಗಿದರೆ ಜ್ವಾಲೆ ಮರದ ತುದಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ಮರೆತಿಲ್ಲ. ಮೊದಲು ಕಿತ್ತು ತೆಗೆಯಬೇಕು. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಸೋಲಿಗರ ಜೊತೆ ಕೂತು ತೀರ್ಮಾನಿಸಬೇಕು. ಅದಕ್ಕೆ ಕಾನೂನಿನ ಬಲವೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದದ್ದು ದೇಶದಲ್ಲೇ ಮೊದಲು.

ಆದರೆ ಗ್ರಾಮಸಭೆಯ ಮುಂದಿಡುವ ಯೋಜನೆ, ನಕ್ಷೆ, ವರದಿ ಯಾವ ಭಾಷೆಯಲ್ಲಿರಬೇಕು? ಈ ರಾಜ್ಯಕ್ಕೆ 1963ರಿಂದ ಆಡಳಿತ ಭಾಷೆಯ ಕಾಯ್ದೆ ಇದೆ. ಬೆಟ್ಟದ ಬಗ್ಗೆ ಬರೆದ ಪ್ರತಿ ವರದಿಯೂ ಕನ್ನಡದಲ್ಲಿ ಪೋಡಿಗೆ ಬರಲಿ, ಪೋಡಿನಲ್ಲಿ ಓದಿ ಹೇಳಲಿ. ಅಲ್ಲಿಯವರೆಗೆ ಸಹಿ ಹಾಕಿಸಿಕೊಳ್ಳುವುದು ಬೇಡ.

ವಿಜ್ಞಾನ ಓದುತ್ತಿರುವ ತಮ್ಮ ತಂಗಿಯರೇ, ರಾಜ್ಯೋತ್ಸವದ ಬಾವುಟ ಕಟ್ಟಿದ ಮೇಲೂ ನಿಮಗೆ ಕೈ ಬಿಡುವಿರುತ್ತದೆ. ಬಿಆರ್‌ಟಿ ಲಂಟಾನದ ಮೇಲಿನ ಒಂದೇ ಒಂದು ಇಂಗ್ಲಿಷ್ ಲೇಖನ ಹಿಡಿದು, ಸೋಲಿಗರ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಪದಗಳಲ್ಲೇ ಕನ್ನಡಕ್ಕೆ ತನ್ನಿ. ಹದಿನಾರು ಪುಟದ ಪುಸ್ತಕವಾದರೆ ಸಾಕು. ಕಾಗದದ ಖರ್ಚು ನೀವು ನೋಡಿಕೊಳ್ಳಿ, ಅಚ್ಚಿನ ಕೂಲಿ ನಾನು ಕೇಳುವುದಿಲ್ಲ.