ದೇವಾಲಯ ಸಿಕ್ಕಿತು, ಸಭೆ ಎಲ್ಲಿ?

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಒಂದು ದೌರ್ಬಲ್ಯವುಂಟು: ದಾರಿ ಕೇಳಿದವರಿಗೂ ಅವನು ಚರಿತ್ರೆಯನ್ನೇ ಹೇಳುತ್ತಾನೆ.

ಕಳೆದ ವರ್ಷ ನಮ್ಮ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬೆಟಗೇರಿಯ ತರುಣರೊಬ್ಬರು ಬಂದರು. ಬಂದ ಎರಡನೆಯ ವಾರದಲ್ಲೇ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, “ಸರ್, ಬೆಂಗಳೂರಿನ ಈ ಭಾಗದಲ್ಲಿ ಕನ್ನಡದ ಸಭೆ ಎಲ್ಲಿದೆ?” ಎಂದು ಕೇಳಿದರು. “ಯಾವ ವಿಷಯವಾಗಿ? ಅಧ್ಯಕ್ಷರು ಯಾರು?” ಎಂದೆ. ಅವರು ನಕ್ಕುಬಿಟ್ಟರು. ಅವರು ಕೇಳಿದುದು ಆದಿತ್ಯವಾರ ಆರಾಧನೆಗೆ ಸೇರುವ ಕ್ರೈಸ್ತ ಸಭೆಯನ್ನು.

ನನ್ನ ಪೆಚ್ಚುತನವನ್ನು ಮುಚ್ಚಿಕೊಳ್ಳಲು ನಾನು ಪಾಂಡಿತ್ಯವನ್ನು ಹೊರತೆಗೆದೆ. 1834 ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದುದು, 1843 ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು, ಕಿಟ್ಟೆಲರು 1875 ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದುದು, 1894 ರಲ್ಲಿ ಅವರ ಮಹಾನಿಘಂಟು ಅಚ್ಚಾದುದು, ಇವೆಲ್ಲವನ್ನೂ ತರಗತಿಯಲ್ಲಿ ಹೇಳುವಂತೆ ಹೇಳಿದೆ. ತರುಣರು ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಸರ್. ಬರುವ ಆದಿತ್ಯವಾರ ಬೆಳಿಗ್ಗೆ ತಾಯಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?” ಎಂದರು.

ನನಗೆ ಉತ್ತರ ತಿಳಿದಿರಲಿಲ್ಲ. ಕಿಟ್ಟೆಲರ ನಿಘಂಟು ಹತ್ತು ವರ್ಷಗಳಿಂದ ನನ್ನ ಮೇಜಿನ ಮೇಲಿದೆ. ಆದರೆ ಆ ನಿಘಂಟಿನ ಹಿಂದಿದ್ದ ಜನ, ಅವರ ಮೊಮ್ಮಕ್ಕಳು, ಯಾವ ಬೀದಿಯಲ್ಲಿ ಕೂಡಿ ಕನ್ನಡದಲ್ಲಿ ಪ್ರಾರ್ಥಿಸುತ್ತಾರೆಂದು ಒಮ್ಮೆಯೂ ವಿಚಾರಿಸಿದವನಲ್ಲ. ಆ ನಾಚಿಕೆಯೇ ನನ್ನನ್ನು ಮುಂದಿನ ಕೆಲವು ಆದಿತ್ಯವಾರಗಳಂದು ಅವರ ಜೊತೆಯಲ್ಲಿ ಹೊರಡಿಸಿತು.

ತಾಯಿಯವರಿಗೆ ಎಪ್ಪತ್ತರ ಮೇಲೆ ವಯಸ್ಸು. ಊರಿನಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗನ ಐದನೆಯ ಮಹಡಿಯ ಮನೆಗೆ ಬಂದಿದ್ದರು. ಎದುರು ಮನೆಯಲ್ಲಿ ತೆಲುಗು, ಪಕ್ಕದಲ್ಲಿ ಬಂಗಾಳಿ, ಕೆಳಗೆ ಹಿಂದಿ. ಲಿಫ್ಟಿನಲ್ಲಿ ಎಲ್ಲರೂ ನಗುತ್ತಾರೆ, ಯಾರೂ ಮಾತನಾಡುವುದಿಲ್ಲ. ನಾನು ಮೊದಲ ಸಲ ಹೋದಾಗ ಅವರು ದಪ್ಪ ಅಕ್ಷರದ ಸತ್ಯವೇದವನ್ನು ತೆರೆದು ಅದರೊಳಗಿಂದ ಒಂದು ಲಕೋಟೆಯನ್ನು ತೋರಿಸಿದರು. ಊರಿನ ಸಭಾಪಾಲಕರು ಕೊಟ್ಟ ಪತ್ರವದು: ‘ಇವರು ನಮ್ಮ ಸಭೆಯ ಸದಸ್ಯರು, ತಮ್ಮ ಸಭೆಗೆ ಸೇರಿಸಿಕೊಳ್ಳಬೇಕು’ ಎಂಬರ್ಥದ್ದು. ಮೇಲೆ ‘ಮಾನ್ಯ ಸಭಾಪಾಲಕರಿಗೆ’ ಎಂದು ಬರೆದು ಊರು ಕೇರಿಯ ಜಾಗವನ್ನು ಖಾಲಿ ಬಿಟ್ಟಿತ್ತು. ಸೊಸೆಯನ್ನು ಗಂಡನ ಮನೆಗೆ ಕಳುಹಿಸುವಾಗ ತವರಿನವರು ನಾಲ್ಕು ಮಾತು ಹೇಳಿ ಕಳುಹಿಸುತ್ತಾರಲ್ಲವೆ, ಹಾಗೆ ಒಂದು ಸಭೆ ತನ್ನವರನ್ನು ಇನ್ನೊಂದಕ್ಕೆ ಒಪ್ಪಿಸುವ ಕ್ರಮ.

ಬೆಂಗಳೂರಿನಲ್ಲಿ ದೇವಾಲಯಗಳಿಗೆ ಬರವಿಲ್ಲ. ಆದರೆ ಯಾವ ಭಾಷೆಯ ಆರಾಧನೆ ಎಲ್ಲಿ ಎಂಬುದು ಈ ಊರಿನ ಹಳೆಯ ನಕ್ಷೆಯನ್ನು ಬಲ್ಲವರಿಗೆ ಮಾತ್ರ ಸುಲಭವಾಗಿ ತಿಳಿಯುತ್ತದೆ. 1809 ರಲ್ಲಿ ಇಂಗ್ಲಿಷರು ದಂಡನ್ನು ಕಟ್ಟಿದರು. ಅವರ ಅಧಿಕಾರಿಗಳಿಗಾಗಿ ಇಂಗ್ಲಿಷಿನ ಆರಾಧನೆ ಬಂತು. ಸೇಂಟ್ ಮಾರ್ಕ್ಸ್ ದೇವಾಲಯ 1816 ರಲ್ಲಿ ಪ್ರತಿಷ್ಠೆಯಾಯಿತು. ದಂಡಿನ ಹಿಂದೆ ಮದರಾಸಿನ ಕಡೆಯಿಂದ ಸಿಪಾಯಿಗಳು, ಬಾಣಸಿಗರು, ಕಲ್ಲು ಕೆಲಸದವರು ಬಂದರು. ಅವರೊಡನೆ ತಮಿಳು ಬಂತು. ಇತ್ತ ಪೇಟೆಯಲ್ಲಿ ಮಿಷನರಿಗಳು ಕನ್ನಡವನ್ನು ಹಿಡಿದರು. ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ಇಂದಿಗೂ ನಿಂತಿರುವ ರೈಸ್ ಸ್ಮಾರಕ ದೇವಾಲಯ ರೆವರೆಂಡ್ ಬೆಂಜಮಿನ್ ರೈಸರ ನೆನಪಿನದು. ನಮ್ಮ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸರ ತಂದೆಯೇ ಇವರು. ಕಾರ್ಪೊರೇಷನ್ ವೃತ್ತದ ಬಳಿ 1904 ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯವೂ ಕನ್ನಡದ್ದೇ. 1947 ರ ಸೆಪ್ಟೆಂಬರ್ 27 ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. 1949 ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದುವು. ಆದರೂ ಭಾಷೆಗಳ ಗೆರೆ ಅಳಿಸಲಿಲ್ಲ.

ಆಮೇಲೆ ಕಾರ್ಖಾನೆಗಳ ಕಾಲ. 1940 ರಲ್ಲಿ ವಿಮಾನ ಕಾರ್ಖಾನೆ, 1948 ರಲ್ಲಿ ಟೆಲಿಫೋನ್ ಕಾರ್ಖಾನೆ, 1953 ರಲ್ಲಿ ಎಚ್.ಎಂ.ಟಿ., 1954 ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಕೆಲಸವನ್ನರಸಿ ಮಲಯಾಳಿಗಳು ಬಂದರು, ಜೊತೆಗೆ ಮಾರ್ ತೋಮಾ, ಸಿರಿಯನ್ ದೇವಾಲಯಗಳನ್ನು ತಂದರು. ಕರಾವಳಿಯ ಕಥೋಲಿಕರು ಕೊಂಕಣಿಯನ್ನು ತಂದರು. ಈಚೆಗೆ ನಾಗಾ, ಮಿಜೋ ವಿದ್ಯಾರ್ಥಿಗಳು ತಮ್ಮ ಭಾಷೆಯಲ್ಲಿ ಕೂಡಿ ಹಾಡುತ್ತಾರೆ. 1962 ರಿಂದ 1965 ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನಿನ ಪೂಜೆಯನ್ನು ಜನರ ಭಾಷೆಗೆ ತೆರೆದಾಗ, ಕಥೋಲಿಕ ಇಗರ್ಜಿಗಳಲ್ಲಿಯೂ ‘ಯಾವ ಜನರ ಭಾಷೆ?’ ಎಂಬ ಪ್ರಶ್ನೆ ಎದ್ದಿತು. ಅದರ ಬಿಸಿ ಈ ನಗರಕ್ಕೂ ತಟ್ಟಿದೆ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ನಿಜ. ಆದರೆ ಭಕ್ತನಿಗೆ ಅಳು ಬರುವುದು ಒಂದೇ ಭಾಷೆಯಲ್ಲಿ.

ಮೊದಲನೆಯ ಆದಿತ್ಯವಾರ ನಾವು ಇಂಗ್ಲಿಷಿನ ಆರಾಧನೆಗೆ ಹೋದೆವು. ಸಂಗೀತ ಬಹು ಸೊಗಸಾಗಿತ್ತು. ತಾಯಿಯವರು ಮುಗಿಯುವ ವರೆಗೂ ಕೈಮುಗಿದು ಕುಳಿತಿದ್ದು, ಹೊರಗೆ ಬಂದು, “ಚಲೋ ಇತ್ತರೀ, ರೇಡಿಯೋ ಕೇಳಿದಂಗಾತು” ಎಂದರು.

ಬಳಿಕ ಒಂದು ದೊಡ್ಡ ಕನ್ನಡ ಸಭೆಗೆ ಹೋದೆವು. ಮೇಲೆ ಹೆಸರಿಸಿದ ಎರಡೂ ಅಲ್ಲ, ಬೇರೊಂದು, ಹೆಸರು ಬೇಡ. ಮನೆಯಿಂದ ಒಂದೂವರೆ ಗಂಟೆಯ ದಾರಿ. ಅಲ್ಲಿಯ ಕೀರ್ತನೆಗಳೆಲ್ಲ ಅವರಿಗೆ ಪುಸ್ತಕವಿಲ್ಲದೆ ಬರುತ್ತಿದ್ದುವು. ಮೊದಲ ದಿನ ಅವರ ಮುಖ ಅರಳಿದುದನ್ನು ಕಂಡು, ಹುಡುಕಾಟ ಮುಗಿಯಿತೆಂದೇ ನಾನು ತಿಳಿದೆ. ಮೂರು ವಾರ ಹೋದರು. ಮೂರು ವಾರವೂ ಹಿಂದಿನ ಸಾಲಿನಲ್ಲಿ ಕುಳಿತು ಎದ್ದು ಬಂದರು. ಆರಾಧನೆ ಮುಗಿದೊಡನೆ ಜನ ತಮ್ಮ ತಮ್ಮ ಗುಂಪಿನಲ್ಲಿ ನಿಂತು ಮಾತಾಡುವರು, ವಾಹನಗಳನ್ನು ಹೊರತೆಗೆಯುವರು. ‘ನೀವು ಯಾರು?’ ಎಂದು ಕೇಳಿದವರಿಲ್ಲ. ಅದು ಅವರ ಕೆಟ್ಟತನವೆಂದು ನಾನು ಹೇಳಲಾರೆ. ನೂರಾರು ಜನ ಸೇರುವಲ್ಲಿ ಪ್ರತಿಯೊಬ್ಬರೂ ಹೊಸಬರನ್ನು ಇನ್ನೊಬ್ಬರು ಮಾತನಾಡಿಸಿರಬೇಕೆಂದು ಭಾವಿಸುತ್ತಾರೆ. ನಮ್ಮ ಮದುವೆಯ ಛತ್ರಗಳಲ್ಲಿಯೂ ನಡೆಯುವುದು ಇದೇ. ಪತ್ರ ಮಾತ್ರ ಸತ್ಯವೇದದೊಳಗೆಯೇ ಉಳಿಯಿತು.

ನಾಲ್ಕನೆಯ ವಾರ ಅವರು ಹೊರಡಲಿಲ್ಲ. ನಾನು, ಅಧ್ಯಾಪಕನ ಜಾಣತನದಿಂದ, “ಮನೆಯಲ್ಲೇ ಪ್ರಾರ್ಥಿಸಿದರಾಗದೆ ತಾಯಿ? ದೇವರು ಎಲ್ಲೆಡೆಯೂ ಇದ್ದಾನಲ್ಲ” ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ದೇವರು ಎಲ್ಲಾ ಕಡೆ ಇರ್ತಾನರೀ ಸರ್. ಮಂದಿ ಎಲ್ಲಾ ಕಡೆ ಇರೂದಿಲ್ಲ. ನಾಳೆ ನಾ ಸತ್ತರ ಮಣ್ಣಿಗೆ ಯಾರು ಬರ್ತಾರ? ಊರಾಗ ನಾ ಎಷ್ಟು ಮಂದೀ ಮಣ್ಣಿಗೆ ಹೋಗೀನಿ. ಇಲ್ಲಿ ಇವನೊಬ್ಬನ ಹೊರಬೇಕೇನು?”

ಮಗ ಎದ್ದು ಒಳಗೆ ಹೋದರು. ನನಗೆ ಮಾತು ಹೊರಡಲಿಲ್ಲ. ಭಾಷೆಯ ಪ್ರಶ್ನೆಯೆಂದು ನಾನು ತಿಳಿದುದು ನಿಜವಾಗಿ ಹೆಗಲಿನ ಪ್ರಶ್ನೆಯಾಗಿತ್ತು. ಅವರಿಗೆ ಬೇಕಾದುದು ತನ್ನನ್ನು ಹೊರಲು ನಾಲ್ಕು ಹೆಗಲು, ಮತ್ತು ಬದುಕಿರುವ ವರೆಗೆ ತಾನೂ ಹೆಗಲು ಕೊಡಬಹುದಾದ ನಾಲ್ಕು ಮನೆ.

ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಪುಟ್ಟ ದೇವಾಲಯವಿತ್ತು. ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡದ್ದು, ಹೆಚ್ಚಿನವರು ತಮಿಳರು. ಬೆಳಿಗ್ಗೆ ತಮಿಳಿನ ಆರಾಧನೆ. ಕನ್ನಡದ್ದು ತಿಂಗಳಿಗೊಮ್ಮೆ ಸಂಜೆ, ಅದಕ್ಕೆ ಬರುವವರು ಬೆರಳೆಣಿಕೆಯ ಕುಟುಂಬಗಳು. ಬೇರೆ ದಾರಿ ಕಾಣದೆ ತಾಯಿಯವರು ಅಲ್ಲಿಗೆ ಹೋಗತೊಡಗಿದರು. ತಮಿಳಿನ ಉಪದೇಶ ಅವರಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ರಾಗ ಪರಿಚಿತವಾಗಿದ್ದಲ್ಲಿ ತಮ್ಮ ಕನ್ನಡದ ಪದಗಳನ್ನೇ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು.

ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎರಡು ಆದಿತ್ಯವಾರ ಹೋಗಲಾಗಲಿಲ್ಲ. ಎರಡನೆಯ ಆದಿತ್ಯವಾರದ ಸಂಜೆ ನಾನು ಅವರ ಮನೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಮಗ ಬಾಗಿಲು ತೆರೆದರು. ಒಂದು ಕೈಯಲ್ಲಿ ನೆನೆದ ಕೊಡೆ, ಇನ್ನೊಂದರಲ್ಲಿ ರಸದ ಡಬ್ಬಿ ಹಿಡಿದ ತಮಿಳು ಹೆಂಗಸು. ದೇವಾಲಯದಲ್ಲಿ ತಾಯಿಯವರ ಪಕ್ಕದಲ್ಲಿ ಕೂರುವವರಂತೆ. ಯಾವ ಮಹಡಿಯೆಂದು ತಿಳಿಯದೆ ಕಾವಲುಗಾರನನ್ನು ಕೇಳಿ, ಎರಡು ತಪ್ಪು ಬಾಗಿಲು ಬಡಿದು ಬಂದಿದ್ದರು. ಅರೆ ತಮಿಳು, ಅರೆ ಕನ್ನಡದಲ್ಲಿ, “ಎನ್ನಮ್ಮಾ, ಎರಡು ವಾರದಿಂದ ನಿಮ್ಮ ಜಾಗ ಖಾಲಿ!” ಎಂದರು.

ಅವರು ಹೋದ ಮೇಲೆ ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ನನ್ನ ಜಾಗ ಅಂದ್ಲು, ಕೇಳಿದ್ರೇನು?” ಎಂದರು.

ಅಕ್ಟೋಬರಿನಲ್ಲಿ ಆ ದೇವಾಲಯದಲ್ಲಿ ಬೆಳೆಹಬ್ಬ. ಸಭೆಯವರು ತಂದ ಮೊದಲ ಫಲಗಳನ್ನೂ ಅಡುಗೆಗಳನ್ನೂ ಅಂಗಳದಲ್ಲಿ ಹರಾಜು ಹಾಕಿ, ಬಂದ ಹಣವನ್ನು ಸಭೆಗೆ ಸೇರಿಸುವುದು ಪದ್ಧತಿ. ಹೊಲವಿಲ್ಲದ ನಗರದಲ್ಲಿ ಬೆಳೆ ಎಲ್ಲಿಂದ? ಬಾಲ್ಕನಿಯ ಕರಿಬೇವು, ಮಾರುಕಟ್ಟೆಯ ತೆಂಗಿನಕಾಯಿ, ಕಾಲು ಕಟ್ಟಿದ ಒಂದು ಕೋಳಿ. ತಾಯಿಯವರು ಶೇಂಗಾ ಹೋಳಿಗೆ ಮಾಡಿ ಒಯ್ದಿದ್ದರು. ನಾನು ಸುಮ್ಮನೆ ನೋಡಲು ಹೋದವನು ಹುರುಪಿನಲ್ಲಿ ಕೈಯೆತ್ತಿ, ಒಂದು ಕುಂಬಳಕಾಯಿಗೆ ಮುನ್ನೂರು ರೂಪಾಯಿ ತೆತ್ತೆ. ಮನೆಯಲ್ಲಿ ಅದರ ವಿಚಾರಣೆ ಇನ್ನೂ ಮುಗಿದಿಲ್ಲ. ಶೇಂಗಾ ಹೋಳಿಗೆಗೆ ತಮಿಳು ಮನೆಯೊಂದಕ್ಕೂ ಮಲಯಾಳಿ ಮನೆಯೊಂದಕ್ಕೂ ಭಾರೀ ಪೈಪೋಟಿ ನಡೆಯಿತು.

ಹರಾಜಿಗೆ ಮುಂಚೆ ನಡೆದ ಆರಾಧನೆಯಲ್ಲಿ ಸಭಾಪಾಲಕರು, ಕರ್ತನ ಪ್ರಾರ್ಥನೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಬಹುದೆಂದರು. ತಮಿಳು, ಕನ್ನಡ, ಮಲಯಾಳ, ಇಂಗ್ಲಿಷ್ ಒಟ್ಟಿಗೆ ಎದ್ದುವು. ಯಾರ ವಾಕ್ಯವೂ ಯಾರ ವಾಕ್ಯದೊಡನೆ ಮುಗಿಯಲಿಲ್ಲ. ಬೇಗ ಮುಗಿಸಿದವರು ಕಣ್ಣು ಮುಚ್ಚಿಕೊಂಡು ಉಳಿದವರಿಗಾಗಿ ಕಾದರು. ಕಟ್ಟಕಡೆಗೆ ಕೇಳಿಸಿದುದು ಬೆಟಗೇರಿಯ ಒಂದು ಮುದಿದನಿ. ಅದು ಮುಗಿದ ಮೇಲೆಯೇ ಎಲ್ಲರೂ ಸೇರಿ ‘ಆಮೆನ್’ ಎಂದರು.

ಗ್ರೀಕಿನಲ್ಲಿ ಕ್ರೈಸ್ತ ಸಮುದಾಯಕ್ಕಿರುವ ‘ಎಕ್ಲೇಸಿಯ’ ಎಂಬ ಮಾತಿಗೆ ಮೂಲದಲ್ಲಿ ‘ಕೂಡಿದ ಜನ’ ಎಂದೇ ಅರ್ಥ. ಅದನ್ನು ಕನ್ನಡಿಸಿದವರು ‘ಸಭೆ’ ಎಂದು ಕರೆದು, ಕಟ್ಟಡಕ್ಕೆ ‘ದೇವಾಲಯ’ವೆಂಬ ಮಾತನ್ನು ಬಿಟ್ಟರು. ಎಷ್ಟು ವಿವೇಕದ ಅನುವಾದ! ದೇವಾಲಯವನ್ನು ನಕ್ಷೆಯಲ್ಲಿ ಹುಡುಕಬಹುದು. ಸಭೆಯನ್ನು ನಾವು ಹುಡುಕಿದರೆ ಸಾಲದು, ಅದೂ ನಮ್ಮನ್ನು ಹುಡುಕಿಕೊಂಡು ಬರಬೇಕು. ಊರು ಬಿಟ್ಟು ಬಂದ ನಮ್ಮಂಥ ಎಲ್ಲರಿಗೂ, ಮಠವಿರಲಿ, ಮಸೀದಿಯಿರಲಿ, ಬಡಾವಣೆಯ ಸಂಘವಿರಲಿ, ಈ ಮಾತು ಸಲ್ಲುತ್ತದೆಂದು ನನಗೆ ತೋರುತ್ತದೆ. ವಾಚಕರಲ್ಲಿ ಯಾರಾದರೂ ಈ ವಾರ ಎದುರು ಮನೆಯ ಬಾಗಿಲು ತಟ್ಟಿದರೆ ನಾನು ಕೊಟ್ಟ ಮುನ್ನೂರು ರೂಪಾಯಿ ಸಾರ್ಥಕ.

ಮೊನ್ನೆ ಹೋದಾಗ ತಾಯಿಯವರ ಸತ್ಯವೇದದಲ್ಲಿ ಆ ಲಕೋಟೆ ಇರಲಿಲ್ಲ. ಸಭಾಪಾಲಕರ ಕೈಗೆ ಸೇರಿತ್ತು. ಅದರ ಜಾಗದಲ್ಲಿ ಹೋಳಿಗೆಯ ಹರಾಜಿನ ಚೀಟಿಯಿತ್ತು. ಅದರ ಮೇಲೆ ತಮಿಳಿನಲ್ಲಿ ಏನೋ ಬರೆದಿತ್ತು.

“ಇದು ನನ್ನ ಹೆಸರೇನ್ರಿ ಸರ್?” ಎಂದು ಕೇಳಿದರು. ನನಗೂ ತಮಿಳು ಓದಲು ಬಾರದು. ಹಾಗೆಂದು ಒಪ್ಪಿಕೊಂಡೆ.

“ಇರ್ಲಿ ಬಿಡ್ರಿ,” ಎಂದು ಅವರು ಚೀಟಿಯನ್ನು ಮತ್ತೆ ಪುಟಗಳ ನಡುವೆ ಇಟ್ಟರು. “ಬರೆದವರಿಗೆ ಗೊತ್ತೈತಲ್ಲ.”