ರುಜು ಹಾಕುವ ಮುನ್ನ

ಮದುವೆಯ ಮನೆಯಲ್ಲಿ ಒಲೆ ಹೊತ್ತಿಸುವ ಮೊದಲು ಹಿರಿಯರು ಕೇಳುವ ಪ್ರಶ್ನೆ ಒಂದೇ: “ಎಷ್ಟು ಎಲೆ ಬಿದ್ದೀತು?” ಈ ಲೆಕ್ಕ ತಪ್ಪಿದರೆ, ಅಡಿಗೆಯವರು ಎಷ್ಟೇ ನಿಪುಣರಾಗಿರಲಿ, ಕೊನೆಯ ಪಂಕ್ತಿಯವರು ಹಸಿದು ಏಳಬೇಕಾಗುತ್ತದೆ. ಮಕ್ಕಳಿಗೆ ಲಸಿಕೆ ಹಾಕುವ ಆಂದೋಲನಗಳಿಗೂ ಈ ಮಾತು ಸಲ್ಲುತ್ತದೆ. ಎಷ್ಟು ಸೀಸೆ ಲಸಿಕೆ ಬೇಕು, ಎಷ್ಟು ತಂಡಗಳು ಬೇಕು, ಯಾವ ತಂಡ ಯಾವ ಬೀದಿಗೆ ಹೋಗಬೇಕು ಎಂಬುದೆಲ್ಲ ನಿರ್ಧಾರವಾಗುವುದು ಜನಸಂಖ್ಯೆಯ ಒಂದು ಪಟ್ಟಿಯ ಮೇಲೆ. ಆ ಪಟ್ಟಿಯನ್ನು ಪರಿಶೀಲಿಸಿ ಅಂಗೀಕರಿಸುವುದು ಬರಿಯ ಗುಮಾಸ್ತಿಕೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು ಭಾವನೆಯೆಂದು ನನ್ನ ನಮ್ರ ಅಭಿಪ್ರಾಯ.

ಪಟ್ಟಿಯ ಸಂಖ್ಯೆ ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. 2011ರ ಖಾನೇಷುಮಾರಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಕೊವಿಡ್ ಕಾರಣದಿಂದ ಮುಂದೆ ಹೋಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು 2025ರಲ್ಲಿ ಪ್ರಕಟಿಸಿದರು. ಹೀಗೆ ಗಣತಿ ಹಳೆಯದಾದಾಗ, ಹಳೆಯ ಸಂಖ್ಯೆಗೆ ಬೆಳವಣಿಗೆಯ ಒಂದು ಪ್ರಮಾಣವನ್ನು ಕೂಡಿಸಿ ಅಂದಾಜು ಮಾಡುವುದು ಸುಲಭದ ದಾರಿ. ಆದರೆ ಸರಾಸರಿಯೆಂಬುದು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಂತೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡ 15.6ರಷ್ಟು ಬೆಳೆಯಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಬೆಳೆದರೆ, ಚಿಕ್ಕಮಗಳೂರು ಜಿಲ್ಲೆ ಬೆಳೆಯುವುದಿರಲಿ, ತುಸು ಕುಗ್ಗಿತು. ರಾಜ್ಯದ ಸರಾಸರಿಯನ್ನೇ ನಂಬಿ ಯಾರಾದರೂ ಲೆಕ್ಕ ಹಾಕಿದ್ದರೆ, ಚಿಕ್ಕಮಗಳೂರಿನಲ್ಲಿ ಇಲ್ಲದ ಸುಮಾರು 1,80,000 ಜನ ಕಾಗದದ ಮೇಲೆ ಹುಟ್ಟುತ್ತಿದ್ದರು. ಬೆಂಗಳೂರಿನಲ್ಲಿ ಇದ್ದ 20 ಲಕ್ಷಕ್ಕೂ ಹೆಚ್ಚು ಜನ ಮಾಯವಾಗುತ್ತಿದ್ದರು. ಕೂಡುವುದರಲ್ಲಿ, ಗುಣಿಸುವುದರಲ್ಲಿ ಒಂದು ತಪ್ಪೂ ಇಲ್ಲದೆ ಈ ಅನರ್ಥ ನಡೆಯುತ್ತಿತ್ತು!

ಅನರ್ಥ ಹೊರಗೆ ಕಾಣುವುದಿಲ್ಲವೆಂಬುದೇ ಇಲ್ಲಿನ ಅಪಾಯ. ಒಂದು ಊರಿನಲ್ಲಿ 250 ಮಕ್ಕಳಿದ್ದಾರೆ, ಪಟ್ಟಿಯಲ್ಲಿ 200 ಎಂದಿದೆ ಎನ್ನೋಣ. 210 ಮಕ್ಕಳಿಗೆ ಲಸಿಕೆ ಹಾಕಿದರೆ ವರದಿಯಲ್ಲಿ ಸಾಧನೆ ಶೇಕಡ 105. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಸಾಧನೆ ಶೇಕಡ 84. 40 ಮಕ್ಕಳು ಹೊರಗುಳಿದಿದ್ದಾರೆ. ದಡಾರದಂಥ ವೇಗವಾಗಿ ಹರಡುವ ರೋಗವನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಸಲ ಲಸಿಕೆ ಬಿದ್ದಿರಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದಕಾರಣ ನೂರನ್ನು ಮೀರಿದ ಸಾಧನೆಯನ್ನು ಕಂಡಾಗ ಹೊಗಳುವುದಕ್ಕಿಂತ ಮೊದಲು ಸಂಶಯಪಡುವುದು ಬುದ್ಧಿವಂತಿಕೆ.

ಆ 40 ಮಕ್ಕಳು ಯಾರು? ಇದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಲಿಲ್ಲ. ನಮ್ಮ ತಾಂಡಾದಿಂದ ಪ್ರತಿ ವರ್ಷವೂ ಸಂಸಾರಗಳು ಕಬ್ಬು ಕಡಿಯಲು ಹೊರಡುತ್ತವೆ. ಐದಾರು ತಿಂಗಳು ಮನೆಗಳಿಗೆ ಬೀಗ. ನನ್ನ ತಂದೆತಾಯಿಯರೂ ಹಾಗೆಯೇ ಹೋಗಿ ಬಂದವರು. ತಾಂಡಾದ ಪಟ್ಟಿಯಲ್ಲಿ ಮಗುವಿನ ಹೆಸರಿರುತ್ತದೆ, ಮಗುವಿರುವುದಿಲ್ಲ. ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಮಗುವಿರುತ್ತದೆ, ಅಲ್ಲಿಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಗುರಿ ಮುಟ್ಟಲಿಲ್ಲವೆಂದು ಬೈಸಿಕೊಳ್ಳುತ್ತಾಳೆ. ಅತ್ತ ಗದ್ದೆಯ ಊರಿನಲ್ಲಿ ಗುರಿ ತುಂಬಿತೆಂದು ಪೆಟ್ಟಿಗೆ ಮುಚ್ಚುತ್ತಾರೆ. ಎರಡೂ ಪಟ್ಟಿಗಳಿಗೆ ಯಾರೋ ಒಬ್ಬರು ಅಂಗೀಕಾರದ ರುಜು ಹಾಕಿರುತ್ತಾರೆ.

ಇದು ತಿದ್ದಲಾಗದ ದೋಷವೇನೂ ಅಲ್ಲ. ಭಾರತದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ. ಈ ಜಯ ಎರಡು ಹನಿ ಔಷಧಿಯಿಂದ ಮಾತ್ರ ಬಂದದ್ದಲ್ಲ. ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ತಲೆ ಎಣಿಸಿದರು, ಗೋಡೆಗೆ ಗುರುತು ಹಾಕಿದರು, ಮಗು ಸಿಗದ ಮನೆಗೆ ಮತ್ತೆ ಹೋದರು. ಇಟ್ಟಿಗೆ ಭಟ್ಟಿ, ಕಟ್ಟಡದ ಕೆಲಸದ ಬಿಡಾರ, ಅಲೆಮಾರಿಗಳ ಡೇರೆ, ಬಿಹಾರದ ಕೋಸಿ ನದಿಯ ಪಾತ್ರದ ಹಳ್ಳಿ, ಇವೆಲ್ಲವನ್ನೂ ಹುಡುಕಿ ಯೋಜನೆಯೊಳಗೆ ಬರೆದುಕೊಂಡರು. ಅಂದರೆ, ಮೊದಲು ಪಟ್ಟಿಯನ್ನು ಗೆದ್ದರು. ಆಮೇಲೆ ರೋಗವನ್ನು ಗೆದ್ದರು.

“ನಿಗದಿತ ದಿನದೊಳಗೆ ಪಟ್ಟಿ ಕಳಿಸಬೇಕು, ಇಷ್ಟೆಲ್ಲ ನೋಡಲು ವೇಳೆ ಎಲ್ಲಿದೆ?” ಎಂದು ಕೇಳುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಹೆಚ್ಚು ಮಕ್ಕಳನ್ನು ಎಣಿಸಿದಷ್ಟೂ ಗುರಿ ದೊಡ್ಡದಾಗಿ, ಅದು ಮುಟ್ಟದಿದ್ದರೆ ತಮ್ಮ ತಲೆಗೇ ಬರುತ್ತದೆಂಬ ಭಯ ಎಣಿಸುವವರಿಗೆ ಇರುವುದೂ ಸಹಜ. ಆದರೆ ನಾನು ಕೇಳುವುದು ಬಹಳವೇನಲ್ಲ. ಮನೆಮನೆಯ ಎಣಿಕೆಯನ್ನು ಅಂಗನವಾಡಿಯ ದಾಖಲೆ, ಜನನ ನೋಂದಣಿ ಮತ್ತು ಹಿಂದಿನ ಆಂದೋಲನದ ಲೆಕ್ಕದೊಡನೆ ಹೋಲಿಸಲಿ. ಅಂತರ ಹೆಚ್ಚಾದ ಕಡೆ ಒಂದು ದಿನ ಹೋಗಿ ನೋಡಲಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓಣಿವಾರಾಗಿ ಓದಿ, “ಬಿಟ್ಟುಹೋದ ವಸತಿ ಯಾವುದು?” ಎಂದು ಕೇಳಲಿ. ಹೆಚ್ಚು ಮಕ್ಕಳನ್ನು ಹುಡುಕಿ ಬರೆದವಳಿಗೆ ಆಕ್ಷೇಪಣೆಯ ಬದಲು ಮೆಚ್ಚುಗೆ ದೊರೆಯಲಿ.

ಸಹಪಾಠಿಗಳೇ, ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ನಿಮ್ಮಲ್ಲಿ ಅನೇಕರೂ ಹಾಗೆಯೇ. ನಾಳೆ ನಮ್ಮಲ್ಲಿ ಕೆಲವರು ಪಂಚಾಯತಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಆರೋಗ್ಯ ಇಲಾಖೆಯಲ್ಲೋ ರುಜು ಹಾಕುವ ಮೇಜಿನ ಮುಂದೆ ಕುಳಿತಿರುತ್ತೇವೆ. ಪಟ್ಟಿಗೆ ಬಾರದವರು ಎಲ್ಲಿರುತ್ತಾರೆಂದು ಬಲ್ಲ ನಾವೇ ಕೇಳದಿದ್ದರೆ ಮತ್ತಾರು ಕೇಳಬೇಕು? ಅಂಗೀಕರಿಸಿದೆ ಎಂದು ಬರೆಯುವ ಮುನ್ನ ಒಂದು ಗಳಿಗೆ ಲೇಖನಿ ಎತ್ತಿ ಹಿಡಿದು, “ಇದರಲ್ಲಿ ಇಲ್ಲದವರು ಯಾರು?” ಎಂದು ಕೇಳಿಕೊಂಡರೆ, ನಾವು ಓದಿದ ಓದು ಒಂದು ಮಗುವಿಗಾದರೂ ಕೆಲಸಕ್ಕೆ ಬಂದೀತು.