ಚಿತ್ರವೂ ಪುಟಸಂಖ್ಯೆಯೂ

ಶಾಲೆಯ ಗ್ರಂಥಾಲಯಕ್ಕೆ ಈಚೆಗೆ ಹೊಸದೊಂದು ಪದಾರ್ಥ ಬಂದಿದೆ. ಅದರ ಇಂಗ್ಲಿಷ್ ಹೆಸರು ಇನ್ಫೊಗ್ರಾಫಿಕ್. ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದರಲ್ಲಿ ಒಮ್ಮತವಾದಂತೆ ಕಾಣುವುದಿಲ್ಲ. ನಾನು 'ಮಾಹಿತಿಚಿತ್ರ' ಎನ್ನುತ್ತೇನೆ, ಒಪ್ಪದವರು ಬೇರೆ ಹೆಸರಿಟ್ಟುಕೊಳ್ಳಬಹುದು. ಒಂದು ವಿಷಯಕ್ಕೆ ಸಂಬಂಧಪಟ್ಟ ಅಂಕಿ, ಇಸವಿ, ಹೆಸರುಗಳನ್ನು ಕಂಬ, ಬಾಣ, ಬಣ್ಣಗಳ ಸಹಾಯದಿಂದ ಒಂದೇ ಹಾಳೆಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಇದರ ಕೆಲಸ. ಇದನ್ನೂ, ಇದನ್ನು ಮಾಡಿಕೊಡುವ ಕಂಪ್ಯೂಟರನ್ನೂ ಗ್ರಂಥಾಲಯದ ಅವಧಿಗೆ ತರಬೇಕೆನ್ನುವವರೊಡನೆ ನನಗೆ ಜಗಳವಿಲ್ಲ. ಆದರೆ ತರುವುದು ಯಾವುದರ ಜೊತೆಗೆ, ಯಾವುದರ ಬದಲಿಗೆ ಎಂದು ಕೇಳುವವರು ಕಡಿಮೆ.

ಚಿತ್ರದ ಮೂಲಕ ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. ಪರಮಪದ ಸೋಪಾನದ ಪಟವನ್ನು ಹಾಸಿ ಕವಡೆ ಎಸೆಯುತ್ತಿದ್ದ ನಮ್ಮ ಅಜ್ಜಿಯರು ಪಾಪಪುಣ್ಯಗಳ ಲೆಕ್ಕವನ್ನು ಏಣಿಗಳಲ್ಲೂ ಹಾವುಗಳಲ್ಲೂ ಕಂಡವರು. ಪದ್ಮಬಂಧ, ಮುರಜಬಂಧಗಳೆಂದು ಅಕ್ಷರಗಳನ್ನೇ ಆಕಾರಕ್ಕೆ ಹೊಂದಿಸಿದ ಕವಿಗಳೂ ಇದ್ದರು. ಅವರ ಪದ್ಯಗಳಲ್ಲಿ ರಸವೆಷ್ಟಿತ್ತೆಂಬುದು ಬೇರೆ ಮಾತು. ಈಚಿನ ಕಾಲಕ್ಕೆ ಬಂದರೆ, ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಮಕ್ಕಳ ಕೈಗಿತ್ತರು. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಬಂದಿತು. ಈ ಗ್ರಂಥಗಳಲ್ಲಿ ಚಿತ್ರವುಂಟು. ಆದರೆ ಆ ಚಿತ್ರ ಮಗುವನ್ನು ಪಕ್ಕದ ವಾಕ್ಯಕ್ಕೆ ಕರೆದುಕೊಂಡು ಹೋಗುತ್ತದೆ. ಇಂದು ಶಾಲೆಯ ಗೋಡೆಗಳ ಮೇಲೆ ಕಾಣುವ ಅನೇಕ ಮಾಹಿತಿಚಿತ್ರಗಳಿಗೆ ಪಕ್ಕದಲ್ಲಿ ವಾಕ್ಯವೇ ಇಲ್ಲ.

ಅಂಕಿಯನ್ನು ಚಿತ್ರವಾಗಿಸುವುದಕ್ಕೂ ಒಂದು ವ್ಯಾಕರಣವಿದೆ. ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ವ್ಯಾಪಾರದ ಲೆಕ್ಕಗಳನ್ನು ಗೆರೆ, ಕಂಬಗಳಾಗಿ ಅಚ್ಚು ಹಾಕಿಸಿದಂದಿನಿಂದ ಅದು ಬೆಳೆಯುತ್ತ ಬಂದಿದೆ. 1925ರಲ್ಲಿ ವಿಯೆನ್ನಾ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಜನಸಾಮಾನ್ಯರಿಗಾಗಿ ಇಂಥ ಚಿತ್ರಗಳನ್ನು ಮಾಡಿಸತೊಡಗಿದ ಓಟ್ಟೊ ನೊಯ್ರಾಟ್ ಒಂದು ನಿಯಮವನ್ನು ಬಿಗಿಯಾಗಿ ಹಿಡಿದಿದ್ದ: ಪ್ರಮಾಣ ಹೆಚ್ಚಿದರೆ ಗೊಂಬೆಯನ್ನು ದೊಡ್ಡದು ಮಾಡಕೂಡದು, ಗೊಂಬೆಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಕಾರಣ ಸರಳ. ನಂಜನಗೂಡಿನ ರಸಬಾಳೆಯ ಫಸಲು ಎರಡರಷ್ಟಾಯಿತೆಂದು ಗೊನೆಯ ಚಿತ್ರವನ್ನು ಎತ್ತರದಲ್ಲೂ ಅಗಲದಲ್ಲೂ ಎರಡರಷ್ಟು ಮಾಡಿದರೆ, ಕಣ್ಣಿಗೆ ಅದು ನಾಲ್ಕರಷ್ಟಾಗಿ ಕಾಣುತ್ತದೆ. ಕಂಪ್ಯೂಟರು ಈ ತಪ್ಪನ್ನು ಒಂದು ಕ್ಷಣದಲ್ಲಿ, ಬಹಳ ಅಂದವಾಗಿ ಮಾಡಿಕೊಡುತ್ತದೆ.

ಮೈಸೂರಿನವರು ಉದಾಹರಣೆಗಾಗಿ ವಿಯೆನ್ನಾದವರೆಗೆ ಹೋಗಬೇಕಾಗಿಲ್ಲ. ಜೂನ್ ತಿಂಗಳು ಹುಟ್ಟಿತೆಂದರೆ ಬೆಳಗಿನ ಪತ್ರಿಕೆಯಲ್ಲಿ ನಮ್ಮ ಕಣ್ಣು ಮೊದಲು ಹುಡುಕುವ ಅಂಕಿ ಕನ್ನಂಬಾಡಿಯ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಕೆಲವು ದಿನಗಳ ಹಿಂದೆ ಪ್ರೌಢಶಾಲೆಯೊಂದರ ವಸ್ತುಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ಒಂಬತ್ತನೆಯ ತರಗತಿಯ ಮಕ್ಕಳು ಕೃಷ್ಣರಾಜಸಾಗರವನ್ನು ಒಂದು ಗಾಜಿನ ಲೋಟವಾಗಿ ಬರೆದು, 100 ಅಡಿಯ ಗುರುತಿನವರೆಗೆ ನೀಲಿ ಬಣ್ಣ ತುಂಬಿದ್ದರು. ಲೋಟದ ಐದರಲ್ಲಿ ನಾಲ್ಕು ಭಾಗ ನೀರು. ನೋಡಿದವರೆಲ್ಲ 'ಪರವಾಗಿಲ್ಲ, ಈ ವರ್ಷ ತಾಪತ್ರಯವಿಲ್ಲ' ಎಂದುಕೊಂಡೇ ಮುಂದೆ ಹೋಗುತ್ತಿದ್ದರು.

ಆದರೆ ಜಲಾಶಯ ಲೋಟವಲ್ಲ, ಬೋಗುಣಿ. ಕಣಿವೆಯ ತಳ ಕಿರಿದು. ಮೇಲಕ್ಕೆ ಹೋದಂತೆಲ್ಲ ನೀರು ಹರಡಿಕೊಳ್ಳುತ್ತದೆ. ತಳದ ಒಂದು ಅಡಿಗೂ ತುದಿಯ ಒಂದು ಅಡಿಗೂ ಅಜಗಜಾಂತರ. ಪೂರ್ಣ ತುಂಬಿದಾಗ ಸುಮಾರು 49.45 ಟಿ.ಎಂ.ಸಿ. ಹಿಡಿಯುವ ಕನ್ನಂಬಾಡಿಯಲ್ಲಿ, ಮಟ್ಟ 100 ಅಡಿಯ ಆಸುಪಾಸಿನಲ್ಲಿದ್ದಾಗ ಇರುವುದು ಅರ್ಧಕ್ಕೂ ಕಡಿಮೆ ನೀರು. ಮಕ್ಕಳು ಬರೆದ ಅಂಕಿ ಸರಿಯಾಗಿಯೇ ಇತ್ತು, ನೋಡಿದವರು ಮಾತ್ರ ಸುಳ್ಳನ್ನು ನಂಬಿಕೊಂಡು ಹೋಗುತ್ತಿದ್ದರು. 2023ರಂಥ ಬರದ ವರ್ಷದಲ್ಲಿ ಇದು ಮಕ್ಕಳಾಟದ ವ್ಯತ್ಯಾಸವಲ್ಲ. ಮಂಡ್ಯದ ರೈತನ ನಾಲೆ, ನಮ್ಮ ಮನೆಯ ನಲ್ಲಿ, ಎರಡು ರಾಜ್ಯಗಳ ವ್ಯಾಜ್ಯ ಎಲ್ಲವೂ ಆ ವ್ಯತ್ಯಾಸದೊಳಗೇ ಇವೆ.

ಅಂಕಿ ಎಲ್ಲಿಂದ ತೆಗೆದುಕೊಂಡಿರಿ ಎಂದು ಕೇಳಿದೆ. "ಗೂಗಲ್‌ನಲ್ಲಿ ಸಿಕ್ಕಿತು ಸಾರ್" ಎಂದಳು ತಂಡದ ಹುಡುಗಿ. ಅಲ್ಲಿ ಯಾವ ಪುಟದಲ್ಲಿ ಎಂದರೆ ಉತ್ತರವಿಲ್ಲ. ಆ ಕೊಠಡಿಯ ಪಕ್ಕದಲ್ಲಿಯೇ ಶಾಲೆಯ ಗ್ರಂಥಾಲಯವಿತ್ತು. ಅದಕ್ಕೆ ಬೀಗ ಹಾಕಿತ್ತು. ಕಿಟಕಿಯಿಂದ ನೋಡಿದರೆ ಹಳೆಯ ಪತ್ರಿಕೆಗಳ ಕಟ್ಟುಗಳು ಕಾಣುತ್ತಿದ್ದುವು. ಮಟ್ಟದ ಪಕ್ಕದಲ್ಲಿ ಸಂಗ್ರಹ, ಒಳಹರಿವು, ಹೊರಹರಿವುಗಳನ್ನೂ ಪತ್ರಿಕೆಗಳು ಅಚ್ಚು ಮಾಡುತ್ತವೆ. ಅಂದರೆ ಆ ಚಿತ್ರಕ್ಕೆ ಬೇಕಾದ ತಿದ್ದುಪಡಿ ಗೋಡೆಯ ಆಚೆಗೆ, ರದ್ದಿಯ ರೂಪದಲ್ಲಿ ಬಿದ್ದಿತ್ತು. ಬೀಗದ ವಿಚಾರವಾಗಿ ಮುಖ್ಯೋಪಾಧ್ಯಾಯರನ್ನು ಕೇಳಿದಾಗ ಅವರು, "ಪುಸ್ತಕ ಕಳೆದರೆ ಯಾರು ಜವಾಬು ಕೊಡುತ್ತಾರೆ ಸಾರ್?" ಎಂದರು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಪುಸ್ತಕ ಹರಿದದ್ದಕ್ಕೆ ಲೆಕ್ಕ ಕೇಳುವವರು ಉಂಟು. ಅದು ಓದದೆ ಉಳಿದದ್ದಕ್ಕೆ ಲೆಕ್ಕ ಕೇಳುವವರು ಯಾರೂ ಇಲ್ಲ.

ಪುಸ್ತಕಗಳನ್ನು ಇಡುವುದು ಕಾಪಾಡುವುದಕ್ಕಲ್ಲ, ಉಪಯೋಗಿಸುವುದಕ್ಕೆ ಎಂಬ ತತ್ತ್ವವನ್ನು ಎಸ್. ಆರ್. ರಂಗನಾಥನ್ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟದ್ದು 1931ರಲ್ಲಿ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿಯೇ. 1965ರಲ್ಲಿ ಆಗಿನ ಮೈಸೂರು ರಾಜ್ಯ ಗ್ರಂಥಾಲಯಗಳಿಗಾಗಿ ಕಾಯಿದೆಯನ್ನೇ ಮಾಡಿತು. ಆದರೆ ಅದು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಶಾಲೆಯ ಬೀರುವಿನ ಬೀಗದ ಕೈ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇದರ ಫಲವನ್ನು ಕಾಲೇಜಿನಲ್ಲಿ ಉಣ್ಣುವವರು ನಾವು. ಪದವಿ ತರಗತಿಯ ಒಬ್ಬ ವಿದ್ಯಾರ್ಥಿ ರತ್ನತ್ರಯರ ಬಗ್ಗೆ ಒಂದು ಮಾಹಿತಿಚಿತ್ರ ತಂದುಕೊಟ್ಟ. ಕೃತಕ ಬುದ್ಧಿಮತ್ತೆಯ ಯಂತ್ರ ಬರೆದುಕೊಟ್ಟದ್ದಂತೆ. ಬಳ್ಳಿ, ಹೂವು, ತಾಳೆಗರಿಯ ಅಂಚು ಎಲ್ಲ ಸೊಗಸು. ಹೆಸರುಗಳು ಮಾತ್ರ ಪಂಪ, ಪೊನ್ನ, ಜನ್ನ. ರನ್ನನ ಜಾಗದಲ್ಲಿ ಜನ್ನ ಕುಳಿತಿದ್ದ! ಪಂಪನ ಕಾವ್ಯಗಳ ಕಾಲ 941. ಜನ್ನನ 'ಯಶೋಧರ ಚರಿತೆ'ಯದು 1209. ಒಂದು ಅಕ್ಷರದ ಪಲ್ಲಟದಿಂದ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಅಳಿಸಿಹೋಗಿತ್ತು. ನಮ್ಮ ಗ್ರಂಥಾಲಯದಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಇದೆ. ಅದರ ಮೊದಲ ಸಂಪುಟ ಬಂದು ನೂರು ವರ್ಷಗಳ ಮೇಲಾಯಿತು. ಐದು ನಿಮಿಷದ ಕೆಲಸ. ಆದರೆ ಅನುಕ್ರಮಣಿಕೆ ಎಂಬುದೊಂದು ಪುಸ್ತಕದಲ್ಲಿ ಇರುತ್ತದೆ, ಅದನ್ನು ಹೀಗೆ ನೋಡಬೇಕು ಎಂದು ಆ ಹುಡುಗನಿಗೆ ಹನ್ನೆರಡು ವರ್ಷಗಳ ಶಾಲೆಯಲ್ಲಿ ಯಾರೂ ತೋರಿಸಿರಲಿಲ್ಲ. ಹುಡುಗ ಮಂದನಲ್ಲ, ತೋರಿಸಿದ ಮೇಲೆ ಅವನೇ ಇನ್ನೂ ಎರಡು ತಪ್ಪುಗಳನ್ನು ಹುಡುಕಿಕೊಂಡು ಬಂದ.

ಹಾಗೆಂದು ಯಂತ್ರವನ್ನು ಹೊರಗೆ ಅಟ್ಟಬೇಕೆಂದು ನನ್ನ ಮತವಲ್ಲ. ಸರಾಗವಾಗಿ ಓದಲು ಬಾರದ ಮಗುವಿಗೆ ಚಿತ್ರವೊಂದು ಊರುಗೋಲಾಗುವುದನ್ನು ನಾನು ಕಂಡಿದ್ದೇನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಗೆ ಒಳಪಟ್ಟ ಮೇಲೆ, ಬೀರುವೇ ಇಲ್ಲದ ಹಳ್ಳಿಯ ಶಾಲೆಗೂ ಆ ಸಾಮಗ್ರಿ ದೊರೆಯುವ ಹಾದಿ ತೆರೆಯಿತು. ಇಂಥ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಈ ಊರಿಗೆ ಯಂತ್ರದ ಭಯವೂ ಇಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಅಲ್ಲಿ ಯಂತ್ರವನ್ನು ತಂದವನೂ ಮೇಷ್ಟರು, ಅದರಲ್ಲಿ ಏನು ನುಡಿಸಬೇಕೆಂದು ಯೋಚಿಸಿದವನೂ ಮೇಷ್ಟರು. ಈಗ ಯಂತ್ರ ಟೆಂಡರಿನ ಮೂಲಕ ಬರುತ್ತದೆ. ಯೋಚನೆ ಬರಬೇಕಾದ ದಾರಿಯನ್ನು ಯಾರೂ ಗೊತ್ತುಮಾಡಿಲ್ಲ. ಪಠ್ಯಪುಸ್ತಕಗಳಲ್ಲಿ 'ದೀಕ್ಷಾ' ವೇದಿಕೆಯ ಕ್ಯೂಆರ್ ಸಂಕೇತಗಳನ್ನು ಅಚ್ಚು ಹಾಕಿದ್ದಾರೆ. ಒಳ್ಳೆಯದೇ. ಆದರೆ ಮನೆಯಲ್ಲಿರುವ ಒಂದೇ ಮೊಬೈಲನ್ನು ತಂದೆ ಕೆಲಸಕ್ಕೆ ಕೊಂಡೊಯ್ಯುವ ಮಗುವಿಗೆ ಅದು ಕಪ್ಪು ಬಿಳುಪಿನ ರಂಗೋಲಿ. ಗ್ರಂಥಾಲಯದ ಕೋಣೆಯಲ್ಲಿ ಒಂದು ಯಂತ್ರ ಆ ಮಗುವಿಗಾಗಿ ತೆರೆದಿದ್ದರೆ ಆಗ ತಂತ್ರಜ್ಞಾನ ಎನ್ನುವ ಮಾತಿಗೆ ಅರ್ಥ ಬರುತ್ತದೆ.

ಕನ್ನಡದ ಮೇಷ್ಟರಾಗಿ ಇನ್ನೊಂದು ಸಂಕಟವನ್ನು ಹೇಳದೆ ಇರಲಾರೆ. ಈ ಚಿತ್ರಗಳನ್ನು ತಯಾರಿಸುವ ಕೆಲವು ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರದ ಪರಿಚಯ ಸಾಲದು. 'ಕೃಷ್ಣರಾಜಸಾಗರ'ದ ಣಕಾರ ಷಕಾರದ ಕೆಳಗೆ ಸೇರದೆ ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ಅದನ್ನು ತಿದ್ದುವ ಗೋಜಿಗೆ ಹೋಗದೆ ಮಕ್ಕಳು ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಬಿಡುತ್ತಾರೆ. ಹೀಗೆ, ಯಾರೂ ಆಜ್ಞೆ ಮಾಡದೆಯೇ, ಕನ್ನಡ ಶಾಲೆಯ ಗೋಡೆಯಿಂದ ಕನ್ನಡ ಇಳಿದುಹೋಗುತ್ತಿದೆ.

ನಾನು ಕೇಳುವುದು ಸ್ವಲ್ಪವೇ. ವಾರಕ್ಕೆ ಒಂದು ಅವಧಿ ಗ್ರಂಥಾಲಯದೊಳಗೆ ನಡೆಯಲಿ. ಮಕ್ಕಳು ಮೊದಲು ಪುಸ್ತಕದಿಂದಲೋ ಪತ್ರಿಕೆಯಿಂದಲೋ ಅಂಕಿ ತೆಗೆಯಲಿ, ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಲಿ. ಆಮೇಲೆ ಕಂಪ್ಯೂಟರು ಬಣ್ಣ ಹಚ್ಚಲಿ. ಚಿತ್ರದ ಕೆಳಗೆ ಪುಸ್ತಕದ ಹೆಸರು, ಪುಟಸಂಖ್ಯೆ, ಪತ್ರಿಕೆಯಾದರೆ ತಾರೀಖು ಇಲ್ಲದಿದ್ದರೆ ಅದು ಗೋಡೆಗೆ ಏರಕೂಡದು. ಬೇರೊಬ್ಬ ವಿದ್ಯಾರ್ಥಿ ಆ ಪುಟವನ್ನು ತೆಗೆದು ನೋಡಿ ರುಜು ಹಾಕಬೇಕು. ಇದಕ್ಕೆ ಬೇಕಾದ ಖರ್ಚು ಬಹಳವಿಲ್ಲ. ಬೇಕಾದದ್ದು ಬೀರು ತೆರೆಯುವ ಒಬ್ಬ ಅಧ್ಯಾಪಕ, ಮತ್ತು ಸವೆದ ಪುಸ್ತಕಕ್ಕಾಗಿ ಅವರ ಸಂಬಳಕ್ಕೆ ಕೈ ಹಾಕದ ಒಂದು ಸುತ್ತೋಲೆ.

ಇದೇ ಕ್ರಮದಲ್ಲಿ ಬೇರೊಂದು ಶಾಲೆಯ ಅಧ್ಯಾಪಕಿಯೊಬ್ಬರು ಕನ್ನಂಬಾಡಿಯ ಲೆಕ್ಕವನ್ನೇ ಮಕ್ಕಳಿಂದ ಬರೆಸಿದರು. ಒಬ್ಬ ಹುಡುಗ ಮಟ್ಟವನ್ನು ಅಡ್ಡಕ್ಕೂ ಸಂಗ್ರಹವನ್ನು ಉದ್ದಕ್ಕೂ ಇಟ್ಟು ಚುಕ್ಕೆಗಳನ್ನು ಕೂಡಿಸಿದ. ಗೆರೆ ನೆಟ್ಟಗೆ ಹೋಗದೆ ಮೇಲಕ್ಕೆ ಬಾಗಿತು. "ಯಾಕೆ ಮಿಸ್ ಇದು ಬಗ್ಗಿಕೊಂಡಿದೆ?" ಎಂದು ಅವನು ಕೇಳಿದನಂತೆ. ಅವರು ಉತ್ತರ ಹೇಳದೆ ಅವನನ್ನು ಊಟದ ಕೋಣೆಗೆ ಕಳುಹಿಸಿ ಒಂದು ಲೋಟವನ್ನೂ ಒಂದು ಬೋಗುಣಿಯನ್ನೂ ತರಿಸಿದರು. ಆ ಹಾಳೆಯನ್ನು ನಾನು ನೋಡಿದ್ದೇನೆ. ಬಣ್ಣವಿಲ್ಲ, ಹೂಬಳ್ಳಿಯಿಲ್ಲ. ಕೆಳಗೆ ಆರು ಪತ್ರಿಕೆಗಳ ತಾರೀಖುಗಳಿವೆ; ಏಳನೆಯದು ರದ್ದಿಗೆ ಹೋಗಿತ್ತೆಂದು ಅವನೇ ಬರೆದಿದ್ದಾನೆ.